ಎಡಗಡೆಯಿಂದ ಮೂರನೆಯಂವ

ಫೋಟೋ ಇರಲಿಲ್ಲ ನಮ್ಮಪ್ಪಂದು.
ಇಸಾಮುದ್ದೀನ್ ಪೇಂಟರ್ ಬಾಗಲಿಗೆ ಬಂದು
ಡಬ್ಬಿ ಇಳಿಸಿ, ಬೀಡಿ ಆರಿಸಿ ಕೇಳಿದ:
"ಹುಸನಪ್ಪನ ಮಾರಿ ಹ್ಯಾಂಗಿತ್ತು, ಹೇಳವ್ವಾ."
ಅವ್ವ ಹಣಿ ಅಂದಳು, ಹುಬ್ಬು ಅಂದಳು,
ಮುಂದ ಮಾತು ಬರಲಿಲ್ಲ.
ನನ್ನ ರಟ್ಟಿ ಹಿಡಿದು ಮುಂದ ನೂಕಿದಳು:
"ಇಕಿನ್ನ ನೋಡಿ ಬರಿ. ಮೀಸಿ ನೀನೇ ಹಚ್ಚು."

ನನಗಾಗ ಹನ್ನೊಂದು.
ಶಹಾಬಾದದ ಬ್ಯಾಸಗಿ, ಕಾದ ಫರ್ಸಿ,
ಅದರ ಮ್ಯಾಲ ಕಾಲು ಮಡಚಿ ಮೂರು ಸಂಜಿ ಕುಂತೆ.
"ನಗಬ್ಯಾಡ, ನೀ ಈಗ ಸ್ಟ್ರೈಕಿನಾಗಿದ್ದಿ" ಅಂತಿದ್ದ.
ಹಂಗಾಗಿ ಪಾಲಿಶ್ ಕಾರ್ಖಾನಿ ಗ್ವಾಡಿ ಮ್ಯಾಲ
ಮುಷ್ಟಿ ಎತ್ತಿದ ಒಂಬತ್ತು ಮಂದ್ಯಾಗ
ಎಡಗಡೆಯಿಂದ ಮೂರನೆಯಂವ
ನಮ್ಮಪ್ಪನೂ ಹೌದು, ನಾನೂ ಹೌದು.

ತೆಳಗ ಮೊಳದುದ್ದದ ಅಕ್ಷರ:
ಹದಿನಾಲ್ಕು ತಿಂಗಳ ಪಗಾರ ಬಾಕಿ.
ಮತ್ತೇನಿಲ್ಲ. ಜಿಂದಾಬಾದ್ ಕೂಡ ಇಲ್ಲ.
ಲಾರಿ ಗೇಟು ಮುರಿದು ಬಂದದ್ದು,
ಕಲ್ಲಿನ ಪುಡಿಯಾಗ ಚಪ್ಪಲಿ ಉಳಿದದ್ದು,
ಅದ್ಯಾವುದೂ ಬರೀಲಿಲ್ಲ.
"ಲೆಕ್ಕ ಇದ್ರ ಸಾಕು" ಅಂದ,
ಬ್ರಷ್ಷು ಸೀಮೆಎಣ್ಣ್ಯಾಗ ಅದ್ದಿ.

ಆಮ್ಯಾಲ ಎಷ್ಟೋ ವರ್ಷ
ಕೂಸಿಗೆ ಹೆಸರಿಟ್ಟ ಮರುದಿನ ಅಲ್ಲಿಗೆ ಒಯ್ದು
"ನೋಡು, ನಿಮ್ಮ ಮುತ್ಯಾ" ಅಂತ ಎತ್ತಿ ತೋರಸ್ತಿದ್ರು.
ಮದಿವಿ ಮೆರವಣಿಗಿ ಬಂದ್ರ
ಬ್ಯಾಂಡು ಆ ಗ್ವಾಡಿ ದಾಟೂತನ ಸುಮ್ಮನಿರತಿತ್ತು.
ಸಾಲ ತೀರಿಸದವಗ
"ಗ್ವಾಡಿ ಮ್ಯಾಲ ಬರಸ್ತೀನಿ ಮಗನ" ಅಂತ ಬೈತಿದ್ರು.

ಈಗ ಬಸ್ ಬರ್ತಾವ.
ಕಲಬುರಗಿ ಕ್ವಾಟಿ ನೋಡಿ ಸನ್ನತಿಗೆ ಹೋಗೂಮುಂದ
ನಡುವ ಅರ್ಧ ತಾಸು ನಾವು.
ಗೈಡ್ ಅಂಬ್ರೇಷ ಕೊಡಿ ಮಡಚಿ ತೋರಸ್ತಾನ.
ಒಂದಿನ ರಜಾಕಾರರ ಕಾಲದವರು ಅಂತಾನ,
ಒಂದಿನ ರೈತರ ದಂಗೆ ಅಂತಾನ,
ಗುಂಪಿನ ಮಾರಿ ನೋಡಿ ಇತಿಹಾಸ ಹೇಳ್ತಾನ.

ಬಾಕಿ ಪಗಾರದ ಮ್ಯಾಲ ಇಲಾಖೆಯವರು
ಎರಡು ರೆಕ್ಕಿ ಬರಸ್ಯಾರ, ನವಿಲಿನ ಬಣ್ಣದವು.
ನಡುವ ನಿಂತು ಹುಡುಗ್ಯಾರು ಹಾರ್ತಾರ.
ಚಂದ ಕಾಣ್ತಾರ, ಸುಳ್ಳು ಯಾಕ ಹೇಳ್ಲಿ.
ಗೋಲಿ ಸೋಡಾ, ಸೂಸಲಾ, ಮಿರ್ಚಿ,
ಓಣಿಯಾಗ ಏಳು ಒಲಿ ಆ ರೆಕ್ಕಿಯಿಂದ ಉರೀತಾವ.
ಆ ಹದಿನಾಲ್ಕು ತಿಂಗಳು ಒಂದೂ ಉರಿಸಲಿಲ್ಲ.

ನಾನು ಎದುರಿನ ಕಟ್ಟಿ ಮ್ಯಾಲ ಕುಂತು
ಜ್ವಾಳ ಹಸನು ಮಾಡ್ತಿರ್ತೀನಿ.
"ಅಮ್ಮಾ, ಸ್ವಲ್ಪ ಸರೀರಿ, ಫ್ರೇಮಲ್ಲಿ ಬರ್ತಿದ್ದೀರ."
ಮರ ಎತ್ತಿಕೊಂಡು ಸರೀತೀನಿ.
ಎಷ್ಟು ಸರಿಲಿ?
ಹಿಂದ ಗ್ವಾಡಿ ಮ್ಯಾಲೂ ನಾನೇ ಅದೀನಿ.

ಎರಡು ಬ್ಯಾಸಗಿಗೆ ರೆಕ್ಕಿ ಹಪ್ಪಳಾದ್ವು.
ಗುತ್ತಿಗಿ ಬಣ್ಣ, ಸಿಪ್ಪಿ ಸಿಪ್ಪಿ ಉದುರಿತು.
ಕೆಳಗಿನ ಕಪ್ಪು ಮಾತ್ರ ಕದಲಲಿಲ್ಲ,
ಲಾಟೀನಿನ ಮಸಿ, ಅಗಸಿ ಎಣ್ಣಿ, ಇಸಾಮುದ್ದೀನನ ಕೈ.
ಎಡ ರೆಕ್ಕಿ ಹರಿದಲ್ಲಿ ಒಂದೇ ಶಬ್ದ ಹಣಿಕಿ ಹಾಕಿತು:
ಬಾಕಿ.
ಅವತ್ತು ಬಂದ ಹುಡುಗಿ ಅದರ ಮುಂದೂ ಹಾರಿದಳು.

ನಿನ್ನಿ ಅವನ ಮೊಮ್ಮಗಳು ರುಕ್ಸಾರ ಬಂದಳು,
ಏಣಿ, ಡಬ್ಬಿ, ಮಂಜೂರಿ ಕಾಗದ ಹಿಡಕೊಂಡು.
"ರೆಕ್ಕಿ ಬರೀಲೇಬೇಕು ಅತ್ತಿ, ಬಿಲ್ಲು ಅದರ ಮ್ಯಾಲೇ ಆಗ್ಯಾದ.
ಅಕ್ಷರ ಇದ್ದಲ್ಲಿ ಬಣ್ಣ ತೆಳ್ಳಗ ಹಚ್ತೀನಿ."
ನಾನು ಹೂಂ ಅನಲಿಲ್ಲ, ಉಹೂಂ ಅನಲಿಲ್ಲ.
"ಮೂರನೆಯವನ ಮಾರಿ ಮಾಸ್ಯಾದ. ಕುಂಡ್ರು."

ಅದೇ ಫರ್ಸಿ. ಕಾಲು ಮಡಚಾಕ ಬರಲಿಲ್ಲ, ಚಾಚಿ ಕುಂತೆ.
ನನಗ ಅರವತ್ತೆರಡು.
ಅಪ್ಪ ಮೂವತ್ತಾರಕ್ಕ ಹ್ವಾದಂವ.
"ಸುಕ್ಕು ಬಿಟ್ಟು ಬರೀಲೇನು?" ಕೇಳಿದಳು.
ಒಂದೂ ಬಿಡಬ್ಯಾಡ ತಾಯಿ.
ಕಣ್ಣಿನ ಕೆಳಗಿನ ಚೀಲ ಬರಿ, ಗಂಟಲಿನ ನರ ಬರಿ,
ಅವನೂ ಒಮ್ಮಿ ಮುದುಕ ಆಗ್ಲಿ.
ಮೀಸಿ ಮಾತ್ರ ನೋಡಿ ಹಚ್ಚು,
ನಿಮ್ಮ ದಾದಾ ಆಗ
ಸ್ವಲ್ಪ ವಾರಿ ಮಾಡಿದ್ದ.